ನಾಲ್ಕು ಬೆರಳು ಜಾಸ್ತಿ

ಜನಾರ್ದನ ರಾಯರ ನಾಲಿಗೆ ಆ ಶನಿವಾರ ಸಂಜೆ ಒಂದು ಗಳಿಗೆ ಸುಮ್ಮನಿದ್ದಿದ್ದರೆ, ಅವರ ನಿವೃತ್ತ ಜೀವನ ಇವತ್ತಿಗೂ ಪೇಪರು, ಕಾಫಿ, ಮಧ್ಯಾಹ್ನದ ನಿದ್ದೆ ಅಂತ ಸುಸೂತ್ರವಾಗಿ ನಡೆಯುತ್ತಿತ್ತು. ಆದರೆ ಅದು ವಿದ್ಯುತ್ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರ ನಾಲಿಗೆ. ಬೇರೆಯವರು ಮಾಡುವ ಕೆಲಸವೆಲ್ಲ ಸುಲಭ ಎಂದು ಹೇಳಿ ಹೇಳಿಯೇ ಅವರು ಪಿಂಚಣಿ ಸಂಪಾದಿಸಿದ್ದರು. ನಿವೃತ್ತಿಯ ಆದೇಶ ಕೈಗೆ ಬಂದು ಎರಡು ವರ್ಷವಾಗಿದ್ದರೂ ನಾಲಿಗೆಗೆ ಇನ್ನೂ ತಲುಪಿರಲಿಲ್ಲ.

ಮರುದಿನ ಭದ್ರಾವತಿಯಲ್ಲಿ, ಮಗಳು ಶ್ರೀಗೌರಿಯ ಮನೆಯಲ್ಲಿ, ಮೊಮ್ಮಗ ವಿಷ್ಣುವಿನ ಹುಟ್ಟುಹಬ್ಬ. ಐದು ತುಂಬುತ್ತಿದ್ದ ಆ ಮಹಾಶಯನಿಗೆ ಸೈಕಲ್ಲು, ರಿಮೋಟ್ ಕಾರು ಯಾವುದೂ ಬೇಡವಾಗಿತ್ತು. ಅವನ ಪ್ರಾಣವೆಲ್ಲ ಇದ್ದದ್ದು ಲಟ್ಟಣಿಗೆಯಲ್ಲಿ. ಚಪಾತಿ ಲಟ್ಟಿಸಲು ಕೂತರೆ ಹಿಟ್ಟು ಮಣೆಯ ಮೇಲೆ ಅರ್ಧ, ಮೈಮೇಲೆ ಅರ್ಧ. ಹೀಗಾಗಿ ಅಜ್ಜಿ ಒಂದು ಏಪ್ರನ್ ಹೊಲಿದು ಕೊಡಬೇಕೆಂದು ಅವನು ಅಪ್ಪಣೆ ಮಾಡಿದ್ದ. ಅಜ್ಜಿ ವೇದಾವತಿ ನೀಲಿ ಚೌಕುಳಿಯ ಗಟ್ಟಿ ಬಟ್ಟೆ ತಂದಿಟ್ಟದ್ದೇನೋ ಸರಿ, ಹೊಲಿಯಲು ಪುರಸೊತ್ತಾಗಿರಲಿಲ್ಲ.

"ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೇ ಹೋಗಿ ಗೌರಿ ಜೊತೆ ಅಡುಗೆಗೆ ಕೈ ಜೋಡಿಸಬೇಕು. ಇನ್ನು ಏಪ್ರನ್ ಯಾವಾಗ ಹೊಲೀಲಿ?" ಎಂದು ಆಕೆ ತಮ್ಮಷ್ಟಕ್ಕೆ ಗೊಣಗಿಕೊಂಡರು.

ರಾಯರು ಪೇಪರಿನಿಂದ ತಲೆ ಎತ್ತದೆಯೇ ಹೇಳಿದರು. "ಒಂದು ಏಪ್ರನ್ನಿಗೆ ಎಷ್ಟು ಗಲಾಟೆ ಮಾಡ್ತೀಯ ಮಾರಾಯ್ತಿ! ಚೌಕಾಕಾರದ ಒಂದು ಬಟ್ಟೆ, ಕಟ್ಟಿಕೊಳ್ಳೋಕೆ ಎರಡು ಪಟ್ಟಿ. ನಾನಾದ್ರೆ ಕಾಫಿ ಆರೋದ್ರೊಳಗೆ ಹೊಲಿದು ಎಸೀತೀನಿ."

ವೇದಾವತಿ ತಟ್ಟನೆ ಗೊಣಗುವುದನ್ನು ನಿಲ್ಲಿಸಿದರು. ಆಕೆಗೆ ಕೆಲವು ತಿಂಗಳಿಂದ ಒಂದೇ ಆಸೆ. ನವುಲೆಯ ಕೃಷಿ ಕಾಲೇಜಿನ ಆವರಣದಲ್ಲಿ ಬೆಳಿಗ್ಗೆ ಗೆಳತಿಯರೊಂದಿಗೆ ವಾಕಿಂಗ್ ಹೋಗಬೇಕು, ಬರುವಷ್ಟರಲ್ಲಿ ಗಂಡ ತಿಂಡಿ ಮಾಡಿಟ್ಟಿರಬೇಕು. ಮನೆ ಇರುವುದೇ ನವುಲೆಯಲ್ಲಿ, ಕಾಲೇಜು ನಾಲ್ಕು ಹೆಜ್ಜೆ. ಆದರೆ ಅಡುಗೆಮನೆಯ ವಿಷಯ ಬಂದ ಕೂಡಲೇ ರಾಯರು ಫೈಲು ಹಿಡಿದ ಕೈ, ಸೌಟು ಹಿಡಿಯದು ಎಂದುಬಿಡುತ್ತಿದ್ದರು.

"ಹೌದಾ? ಹಾಗಿದ್ರೆ ನೀವೇ ಹೊಲೀರಿ. ನಾಳೆ ಸಂಜೆ ಆರತಿ ಹೊತ್ತಿಗೆ ತಗೊಂಡು ಬನ್ನಿ. ಮಗೂಗೆ ಅದು ಸರಿಯಾಗಿ ಕೂತರೆ, ಈ ಜನ್ಮದಲ್ಲಿ ನಿಮ್ಮನ್ನ ಅಡುಗೆಮನೆಗೆ ಕರೆಯಲ್ಲ. ಕೂರದಿದ್ರೆ ಸೋಮವಾರದಿಂದ ಬೆಳಗಿನ ತಿಂಡಿ ನಿಮ್ಮದು."

"ಮಾತು ತಪ್ಪಬಾರದು ಮತ್ತೆ."

"ತಪ್ಪೋದೇ ಇಲ್ಲ. ಆದ್ರೆ ನೀವೇ ಹೊಲೀಬೇಕು. ರಸೂಲ್ ಸಾಬ್ರ ಹತ್ರ ಓಡೋ ಹಾಗಿಲ್ಲ."

ರಸೂಲ್ ಸಾಬರು ಬಸ್‌ಸ್ಟ್ಯಾಂಡಿನ ಬಳಿಯ ಓಣಿಯ ದರ್ಜಿ. ಮನೆಯ ಬಟ್ಟೆಯೆಲ್ಲ ಅವರ ಕೈಯಿಂದಲೇ ಹೊಲಿದು ಬರುತ್ತಿದ್ದದ್ದು. ಹೊಲಿಗೆ ಎಷ್ಟು ಅಚ್ಚುಕಟ್ಟೋ ಮನುಷ್ಯ ಅಷ್ಟೇ ನಿಯತ್ತು. ಗಿರಾಕಿಯ ಬಟ್ಟೆಯಲ್ಲಿ ಉಳಿದದ್ದು ಒಂದು ಬೆರಳಗಲ ಇದ್ದರೂ ಮಡಚಿ ವಾಪಸ್ ಕೊಡುತ್ತಿದ್ದರು. ವೇದಾವತಿ ಆ ಚೂರುಗಳನ್ನು ಬಿಸಾಡಲಾರದೆ ಮಂಚದ ಕೆಳಗೆ ಒಂದು ಚೀಲದಲ್ಲಿ ತುಂಬಿಟ್ಟಿದ್ದರು.

"ಛೆ, ಇಷ್ಟಕ್ಕೆಲ್ಲ ಸಾಬ್ರು ಯಾಕೆ?" ಎಂದು ರಾಯರು ಪೇಪರಿನ ಹಾಳೆ ತಿರುವಿದರು.

ಭಾನುವಾರ ಬೆಳಿಗ್ಗೆ ಹೆಂಡತಿ ಬಸ್ಸು ಹತ್ತಿದ ಮೇಲೆ ರಾಯರು ಹಸಿರು ಅಂಚಿನ ಪಂಚೆ ಬಿಗಿಯಾಗಿ ಉಟ್ಟು ರಂಗಕ್ಕಿಳಿದರು. ಹಜಾರದ ಮಧ್ಯೆ ಬಟ್ಟೆ ಹಾಸಿದರು. ಅಳತೆಗೆಂದು, ವಿಷ್ಣು ಹೋದ ಸಲ ಬಂದಾಗ ಬಿಟ್ಟುಹೋಗಿದ್ದ ಅಂಗಿಯನ್ನು ಅದರ ಮೇಲೆ ಇಟ್ಟರು. ಚಾಕ್‌ಪೀಸು ಹಿಡಿದು ಸುತ್ತ ಗೆರೆ ಎಳೆದರು. ಆಮೇಲೆ ಒಂದು ಕ್ಷಣ ಯೋಚಿಸಿ, ಬೆಳೆಯುವ ಮಗು ಎಂದುಕೊಂಡು, ನಾಲ್ಕು ಬೆರಳು ಬಿಟ್ಟು ಇನ್ನೊಂದು ಗೆರೆ ಎಳೆದರು. ಅವರಿಗೆ ಗೊತ್ತಿದ್ದ ದರ್ಜಿ ವಿದ್ಯೆ ಇಷ್ಟೇ. ಚಿಕ್ಕಂದಿನಲ್ಲಿ ಅವರಿಗೆ ಹೊಲಿಸಿದ ಚಡ್ಡಿಗಳೆಲ್ಲ ಇದೇ ಸೂತ್ರದ ಪ್ರಕಾರ ಮೊಣಕಾಲು ದಾಟಿರುತ್ತಿದ್ದವು.

ಅಷ್ಟರಲ್ಲಿ ಎದುರುಮನೆಯ ಕಾಳಮ್ಮ ದಾಸವಾಳ ಕೀಳಲು ಬಂದವರು ಒಳಗೇ ಬಂದರು. ತೆರೆದ ಬಾಗಿಲನ್ನು ಕಂಡರೆ ಕಾಳಮ್ಮನಿಗೆ ಅದೇ ಆಮಂತ್ರಣ.

"ಏನ್ ರಾಯರೇ, ಯಜಮಾನ್ತಿ ಇಲ್ದಿರೋ ಹೊತ್ತಲ್ಲಿ ಅಂಗಡಿ ಹಾಕಿದೀರಿ?"

"ಮೊಮ್ಮಗನಿಗೆ ಏಪ್ರನ್ ಹೊಲೀತಿದೀನಿ ಕಾಳಮ್ಮ."

ಕಾಳಮ್ಮ ಸೆರಗು ಸಿಕ್ಕಿಸಿಕೊಂಡು ಗೆರೆಯ ಪಕ್ಕ ಕೂತರು. "ಅಯ್ಯೋ, ಇಷ್ಟೇನಾ? ಬೆಳೆಯೋ ಮಗು ಅಲ್ವಾ ಸ್ವಾಮಿ! ದೀಪಾವಳಿ ಹೊತ್ತಿಗೆ ಹೊಟ್ಟೆಗೂ ಸಾಲಲ್ಲ. ನಾಲ್ಕು ಬೆರಳು ಬಿಡಿ."

"ಬಿಟ್ಟಿದೀನಿ..."

"ಅದು ಗಂಡಸರ ಬೆರಳು, ಲೆಕ್ಕಕ್ಕಿಲ್ಲ. ಕೊಡಿ ಇಲ್ಲಿ" ಎಂದು ಚಾಕ್‌ಪೀಸು ಕಿತ್ತುಕೊಂಡು, ಸುತ್ತಲೂ ತಮ್ಮ ನಾಲ್ಕು ಬೆರಳು ಅಳೆದು ಮೂರನೇ ಗೆರೆ ಎಳೆದೇಬಿಟ್ಟರು. ಹೂವು ಕೀಳುವುದನ್ನು ಮರೆತು ಅಲ್ಲೇ ಗೋಡೆಗೆ ಒರಗಿದರು.

ಮಾತು ಕೇಳಿ ಪಕ್ಕದ ಮನೆಯ ತ್ರಿವಿಕ್ರಮ ಬಂದರು. ಇವರು ರಾಯರ ಓರಗೆಯವರು. ಭೂಮಾಪನ ಇಲಾಖೆಯಲ್ಲಿದ್ದು ಜಿಲ್ಲೆಯ ಅರ್ಧದಷ್ಟು ಜಮೀನು ಅಳೆದವರು. ಅಳೆಯುವುದಕ್ಕೆ ಏನೂ ಸಿಗದೆ ಎರಡು ವರ್ಷದಿಂದ ಕೈ ಕಡಿಯುತ್ತಿತ್ತು. ಅವರು ಬಟ್ಟೆಯ ಮೇಲಿನ ಗೆರೆಗಳನ್ನು ನೋಡಿ ಕನ್ನಡಕ ಸರಿ ಮಾಡಿಕೊಂಡರು.

"ಜನಾರ್ದನ, ಅಂಚು ಮಡಚಿ ಹೊಲಿಯೋದಕ್ಕೆ ಎಷ್ಟು ಬಿಟ್ಟಿದೀಯೋ?"

"ಅದನ್ನೂ ಬಿಡಬೇಕಾ?"

"ಮತ್ತೆ? ನಾಲ್ಕೂ ದಿಕ್ಕಿಂದ ಒತ್ತುವರಿ ಆಗುತ್ತೆ ಮಾರಾಯ! ಕೊನೆಗೆ ಮಗೂಗೆ ಕರವಸ್ತ್ರ ಉಳಿಯುತ್ತೆ ಅಷ್ಟೇ." ಮನೆಗೆ ಓಡಿ ಟೇಪು ತಂದು, ಕಾಳಮ್ಮನನ್ನು ಒಂದು ತುದಿ ಹಿಡಿಯಲು ನಿಲ್ಲಿಸಿ, ಶಾಸ್ತ್ರೋಕ್ತವಾಗಿ ನಾಲ್ಕನೇ ಗೆರೆ ಎಳೆದರು. ಅದೂ ನಾಲ್ಕು ಬೆರಳಿನಷ್ಟೇ ದೂರ.

ಇನ್ನೇನು ಕತ್ತರಿ ಎತ್ತಬೇಕು, ಭದ್ರಾವತಿಯಿಂದ ಮಗಳು ಶ್ರೀಗೌರಿಯ ಫೋನು ಬಂತು. "ಅಪ್ಪ, ನೀನು ಹೊಲೀತಿದೀಯಂತೆ? ಅಮ್ಮ ನಗಾಡ್ತಿದಾಳೆ. ಒಂದು ವಿಷಯ, ಆ ಬಟ್ಟೆ ಮೊದಲನೇ ಒಗೆತಕ್ಕೆ ಕುಗ್ಗುತ್ತೆ. ಸ್ವಲ್ಪ ಜಾಸ್ತಿನೇ ಇಡು."

"ಎಷ್ಟಮ್ಮ?"

"ನಾಲ್ಕು ಬೆರಳು ಇಡು, ಸಾಕು."

ರಾಯರು ಐದನೇ ಗೆರೆ ಎಳೆದರು. ನೆಲದ ಮೇಲೆ ಈಗ ಒಂದು ದೊಡ್ಡ ರಂಗೋಲಿಯೇ ಆಗಿತ್ತು. ಮೊಮ್ಮಗನ ಅಂಗಿ ಅದರ ನಟ್ಟನಡುವೆ ಎಲ್ಲೋ ಇತ್ತು. ಅದನ್ನು ಎತ್ತಿ ಪಕ್ಕಕ್ಕಿಟ್ಟ ಮೇಲಂತೂ ಯಾವುದು ಮೊದಲಿನ ಗೆರೆ ಎಂಬ ಪ್ರಶ್ನೆಯೇ ಯಾರಿಗೂ ಬರಲಿಲ್ಲ. ರಾಯರು ಎಲ್ಲಕ್ಕಿಂತ ಹೊರಗಿನ ಗೆರೆಯ ಮೇಲೆ ಕತ್ತರಿ ಆಡಿಸಿದರು. ಇಷ್ಟಾದರೂ ಬಟ್ಟೆ ಇನ್ನೂ ಉಳಿಯಿತು. ಕೊಳ್ಳುವಾಗ ವೇದಾವತಿಯೂ ಬೆಳೆಯುವ ಮಗು ಎಂದುಕೊಂಡೇ ಕೊಂಡಿದ್ದರು.

ಆಮೇಲೆ ಹೊಲಿಗೆ. ಹೆಂಡತಿಯ ಹಳೆಯ ಕಾಲುಮೆಷಿನ್ನು ಮೂವತ್ತು ವರ್ಷದಿಂದ ಮನೆಯಲ್ಲಿದ್ದರೂ ರಾಯರು ಅದನ್ನು ಅಂಗಿ ನೇತುಹಾಕಲು ಮಾತ್ರ ಬಳಸಿದ್ದರು. ಈಗ ಅದರ ಮುಂದೆ ಕೂತು ಕಾಲು ಒತ್ತಿದರೆ ಚಕ್ರ ಹಿಂದಕ್ಕೆ ತಿರುಗಿ ದಾರ ಪಟ್ಟನೆ ಕಡಿಯಿತು. ಪೋಣಿಸಿ ಮತ್ತೆ ಒತ್ತಿದರು, ಮತ್ತೆ ಕಡಿಯಿತು. ಒಂದು ಸೂಜಿ ಮುರಿದು ಎಲ್ಲಿಗೆ ಹಾರಿತೋ ತಿಳಿಯದೆ ಮೂವರೂ ಕಾಲು ಮೇಲೆತ್ತಿಕೊಂಡು ಸ್ವಲ್ಪ ಹೊತ್ತು ಕೂತರು.

"ಚಕ್ರನ ಕೈಲಿ ಮುಂದಕ್ಕೆ ತಳ್ಳಿ ಶುರು ಮಾಡ್ಬೇಕು ರಾಯರೇ" ಎಂದರು ಕಾಳಮ್ಮ, ಅಷ್ಟೆಲ್ಲ ಆದ ಮೇಲೆ.

ಆ ಗುಟ್ಟು ತಿಳಿದದ್ದೇ ಮೆಷಿನ್ನು ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡತೊಡಗಿತು. ರಾಯರಿಗೆ ಎಲ್ಲಿಲ್ಲದ ಹುರುಪು. ಮಡಚಿದರು, ಒತ್ತಿದರು. ಅಂಚಾಯಿತು, ಪಟ್ಟಿಗಳಾದವು. ಜೇಬನ್ನು ಇಟ್ಟು ಮೂರು ಬದಿ ಹೊಲಿದರು. ಕಾಲು ನಿಲ್ಲಲಿಲ್ಲ, ನಾಲ್ಕನೆಯ ಬದಿಯನ್ನೂ ಹೊಲಿದುಬಿಟ್ಟರು.

"ಒಳ್ಳೇ ಜೇಬು" ಎಂದರು ತ್ರಿವಿಕ್ರಮ. "ಇಟ್ಟಿದ್ದು ಬೀಳೋದೇ ಇಲ್ಲ. ಇಡೋದು ಹೇಗೆ ಅಂತ ಮಾತ್ರ ನೋಡ್ಕೊಬೇಕು."

ರಾಯರು ಕೇಳಿಸಿಕೊಳ್ಳದವರಂತೆ ಕೆಳಗಿನ ಅಂಚು ಮುಗಿಸಿ, ಗೆದ್ದ ಗತ್ತಿನಲ್ಲಿ ಎದ್ದು ನಿಂತರು. ಅವರೊಂದಿಗೆ ಮೆಷಿನ್ನೂ ಏಳಲು ನೋಡಿತು. ಏಪ್ರನ್ನಿನ ಅಂಚಿನ ಜೊತೆಗೆ ಅವರು ತಮ್ಮ ಪಂಚೆಯ ಅಂಚನ್ನೂ ಸೇರಿಸಿ ಹೊಲಿದಿದ್ದರು.

ಕಾಳಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಂಗಳಕ್ಕೆ ಓಡಿದರು. ನಗು ಮಾತ್ರ ಒಳಗೇ ಉಳಿಯಿತು. ತ್ರಿವಿಕ್ರಮ ಕತ್ತರಿ ತೆಗೆದುಕೊಂಡು, "ಅಲುಗಾಡಬೇಡ, ಗಡಿ ಗುರುತಿಸ್ತಿದೀನಿ" ಎಂದು ಕಣ್ಣು ಕಿರಿದು ಮಾಡಿ ಕಚಕ್ಕೆಂದು ಕತ್ತರಿಸಿದರು. ರಾಯರು ಬಿಡುಗಡೆಯಾದರು. ಪಂಚೆಯಲ್ಲಿ ಅಂಗೈಯಷ್ಟು ತೂತು ಬಿತ್ತು, ಹಸಿರು ಅಂಚಿನ ತುಂಡು ಏಪ್ರನ್ನಿನ ಜೊತೆ ಹೋಯಿತು. ಒಳಬದಿಯಲ್ಲಿದ್ದುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಇಬ್ಬರೂ ಸಮಾಧಾನ ಮಾಡಿಕೊಂಡರು.

ಪಂಚೆ ಬದಲಿಸಿ ಬಂದ ರಾಯರು ಏಪ್ರನ್ನನ್ನು ಬಾಗಿಲಿನ ಮೊಳೆಗೆ ನೇತುಹಾಕಿ ಹಿಂದೆ ಸರಿದು ನೋಡಿದರು. ಅರ್ಧ ಬಾಗಿಲು ಮುಚ್ಚಿಹೋಗಿತ್ತು.

"ಬೆಳೆಯೋ ಮಗು, ಬಿಡಿ" ಎಂದರು ಕಾಳಮ್ಮ ಮೆಲ್ಲಗೆ.

"ಬೆಳೆದು ಮದುವೆ ಆಗಿ ಬಾಣಂತನಕ್ಕೆ ಹೆಂಡತೀನ ಕಳಿಸೋ ಹೊತ್ತಿಗೆ ಸರಿಯಾಗುತ್ತೆ" ಎಂದರು ತ್ರಿವಿಕ್ರಮ. ಆಮೇಲೆ ಇಬ್ಬರಿಗೂ ಮನೆಯಲ್ಲಿ ಕೆಲಸವಿರುವುದು ನೆನಪಾಯಿತು.

ಒಬ್ಬರೇ ಉಳಿದ ರಾಯರ ಕಣ್ಣೆದುರಿಗೆ ಸೋಮವಾರ, ಮಂಗಳವಾರ, ಬುಧವಾರಗಳು ಒಂದೊಂದು ಬಾಣಲೆ ಹಿಡಿದು ಸಾಲಾಗಿ ನಿಂತಂತಾಯಿತು. ಸಣ್ಣದು ಮಾಡೋಣವೆಂದು ಹೊಲಿಗೆ ಬಿಚ್ಚಲು ನೋಡಿದರು. ಯಾವುದಕ್ಕೂ ಇರಲೆಂದು ಒಂದೊಂದು ಕಡೆ ಮೂರು ಮೂರು ಸಲ ಹೊಲಿದಿದ್ದರಿಂದ ಅದು ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಗಡಿಯಾರ ನೋಡಿದರು. ಏಪ್ರನ್ನು, ಉಳಿದ ಬಟ್ಟೆ, ಮೊಮ್ಮಗನ ಅಂಗಿ ಎಲ್ಲವನ್ನೂ ಕೈಚೀಲಕ್ಕೆ ತುರುಕಿ ಆಟೋ ಹತ್ತಿದರು. ಎಲ್ಲಿಗೆ ಎಂದು ಆಟೋದವನು ಕೇಳಿದಾಗ, ಯಾರಾದರೂ ಕೇಳಿಸಿಕೊಂಡಾರೆಂದು ಆಚೀಚೆ ನೋಡಿ ಉತ್ತರ ಕೊಟ್ಟರು.

ರಸೂಲ್ ಸಾಬರು ಯಾರದೋ ಮದುವೆಯ ಶೇರ್ವಾನಿಗೆ ಗುಂಡಿ ಹಾಕುತ್ತಿದ್ದರು. ರಾಯರು ಚೀಲ ಬಿಚ್ಚಿ ಏಪ್ರನ್ ಹಾಸಿದರು. ಸಾಬರು ಅದನ್ನು ಎತ್ತಿ, ತಿರುಗಿಸಿ, ಬಾಯಿಲ್ಲದ ಜೇಬಿನ ಮೇಲೆ ಬೆರಳಾಡಿಸಿದರು.

"ಇದು ಯಾರು ಹೊಲ್ದಿದ್ದು ಸಾರ್?"

"ನಮ್ಮ ಪೈಕಿ ಒಬ್ರು. ಈಗಷ್ಟೇ ಕಲೀತಿದಾರೆ."

"ಬಹುತ್ ಮಜಬೂತ್ ಹೊಲಿಗೆ. ಲಾರಿಗೆ ಟಾರ್ಪಾಲು ಹೊಲಿಯೋಕೆ ಹೇಳಿ, ಹೆಸರು ಮಾಡ್ತಾರೆ."

"ಸಾಬ್ರೇ, ಇದನ್ನ ಈ ಅಂಗಿ ಅಳತೆಗೆ ಸಣ್ಣದು ಮಾಡಿಕೊಡಿ. ಈಗಲೇ ಬೇಕು. ಮನೇಲಿ ಮಾತ್ರ ಹೇಳಬೇಡಿ, ನನ್ನ ಮರ್ಯಾದೆ ಪ್ರಶ್ನೆ."

"ಇದನ್ನ ಬಿಚ್ಚೋಕೆ ಕೂತ್ರೆ ಸಂಜೆ ಆಗುತ್ತೆ. ಬಟ್ಟೆ ಉಳಿದಿದೆಯಲ್ಲ, ಹೊಸದೇ ಹೊಡೀತೀನಿ. ಜಲ್ದಿ ಆಗುತ್ತೆ. ಕೂತ್ಕೊಳ್ಳಿ."

ಸಾಬರ ಕೈಗೆ ಬಟ್ಟೆ ಹೋದದ್ದೇ ತಡ, ಕತ್ತರಿ ಸರಿದದ್ದು, ಮೆಷಿನ್ನು ಹಾಡಿದ್ದು ಎಲ್ಲ ಒಂದು ಕಾಫಿಯ ಹೊತ್ತಿನಲ್ಲಿ ಮುಗಿಯಿತು. ಜೇಬಿನ ಎರಡು ಮೂಲೆಗೆ ಅವರು ಎಂದಿನಂತೆ ಪುಟ್ಟ ತ್ರಿಕೋನದ ಹೊಲಿಗೆಯನ್ನೂ ಹಾಕಿದರು. ಬೆರಳ ತುದಿಗೆ ನೇತುಹಾಕಿ ತೋರಿಸಿದಾಗ ರಾಯರಿಗೆ ಅದನ್ನು ತಬ್ಬಿಕೊಳ್ಳಬೇಕೆನ್ನಿಸಿತು.

"ಆ ದೊಡ್ಡದು ನೀವೇ ಇಟ್ಕೊಳ್ಳಿ ಸಾಬ್ರೇ. ಮೆಷಿನ್ ಒರೆಸೋಕೋ ಏನಕ್ಕಾದ್ರೂ ಆಗುತ್ತೆ" ಎಂದು ಹೇಳಿ ರಾಯರು ದುಡ್ಡು ಕೊಟ್ಟು, ಬಸ್ಸು ಹೊರಟೀತೆಂದು ರಸ್ತೆಯ ಕಡೆ ಕತ್ತು ಉದ್ದ ಮಾಡಿದರು. ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದ ಸಾಬರು ಏನೋ ತಲೆಯಾಡಿಸಿದರು. ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಪೊಟ್ಟಣ ಕೈಚೀಲಕ್ಕೆ ಬಂತು. ರಾಯರು ಅದನ್ನು ಎದೆಗವಚಿಕೊಂಡು ಓಡಿದರು.

ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಗಾಳಿ ಬೀಸಿತು. ಭದ್ರಾವತಿ ತಲುಪುವಷ್ಟರಲ್ಲಿ ಅವರಿಗೆ ತಾವೇ ಹೊಲಿದದ್ದೆಂದು ಮುಕ್ಕಾಲು ಪಾಲು ನಂಬಿಕೆಯೂ ಬಂತು.

ನ್ಯೂಟೌನಿನ ಮಗಳ ಮನೆಯಲ್ಲಿ ಬಲೂನು ಕಟ್ಟಿಯಾಗಿತ್ತು, ಸಾಗುವಿನ ಘಮ ಬಾಗಿಲಿಗೆ ಬರುತ್ತಿತ್ತು. ಅಳಿಯ ಮಧುಸೂದನ ಪೂರಿ ಹಿಟ್ಟು ನಾದುತ್ತಿದ್ದುದನ್ನು ಕಂಡರೂ ರಾಯರು ಕಾಣದವರ ಹಾಗೆ ಒಳಗೆ ಬಂದರು. ವಿಷ್ಣು ಪೊಟ್ಟಣದ ಮೇಲೆ ಬಿದ್ದ. ದಾರ ಸಡಿಲಿಸಿ, ಮೇಲಿದ್ದ ಏಪ್ರನ್ನನ್ನು ಎಳೆದು ಕತ್ತಿಗೆ ಹಾಕಿಕೊಂಡ. ಅಳೆದು ಮಾಡಿಸಿದ ಹಾಗೆ ಕೂತಿತು. ಜೇಬಿಗೆ ಎರಡೂ ಕೈ ಇಳಿಬಿಟ್ಟು ಮನೆಯೆಲ್ಲ ಓಡಾಡಿದ.

"ಅಪ್ಪಾ! ನಿಜವಾಗ್ಲೂ ನೀನೇ ಹೊಲಿದಿದ್ದಾ?" ಶ್ರೀಗೌರಿ ಬಾಯಿ ಬಿಟ್ಟಳು.

"ಮತ್ತೆ? ಮನಸ್ಸಿಟ್ಟರೆ ಯಾವುದು ಕಷ್ಟ?" ರಾಯರು ಹೆಂಡತಿಯ ಕಡೆ ತಿರುಗಿದರು. "ಏನಂತೀಯ ವೇದಾ?"

ವೇದಾವತಿ ಮೊಮ್ಮಗನನ್ನು ಹತ್ತಿರ ಕರೆದು ಜೇಬಿನ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ, "ಗೆದ್ರಿ" ಎಂದರು. "ಮಾತು ಅಂದ್ರೆ ಮಾತು. ಈ ಜನ್ಮದಲ್ಲಿ ನಿಮ್ಮನ್ನ ಅಡುಗೆಮನೆಗೆ ಕರೆಯಲ್ಲ."

ರಾಯರು ಸೋಫಾದಲ್ಲಿ ಆರಾಮಾಗಿ ಒರಗಿ ಕಾಲು ಚಾಚಿದರು. ಪೇಪರಿಗಾಗಿ ಕೈ ತಾನೇ ತಾನಾಗಿ ಟೀಪಾಯಿಯ ಕಡೆ ಹೋಯಿತು.

"ಅಜ್ಜಿ, ಇದರೊಳಗೆ ಇನ್ನೂ ಒಂದಿದೆ!"

ವಿಷ್ಣು ಪೊಟ್ಟಣದ ತಳದಿಂದ ಎಳೆಯುತ್ತಿದ್ದ. ಎಳೆದಷ್ಟೂ ಬರುತ್ತಲೇ ಇತ್ತು. ಅದೇ ನೀಲಿ ಚೌಕುಳಿ, ಅದೇ ಬಾಯಿಲ್ಲದ ಜೇಬು, ಅರ್ಧ ಬಾಗಿಲಿನಷ್ಟು ಅಗಲ. ಜೊತೆಗೆ ಬೆರಳಗಲದ ಎರಡು ಚೂರುಗಳೂ ಉದುರಿದವು. ಗಿರಾಕಿಯ ಬಟ್ಟೆಯನ್ನು ಎಂದೂ ಇಟ್ಟುಕೊಳ್ಳದ ರಸೂಲ್ ಸಾಬರು ಇವತ್ತೂ ಇಟ್ಟುಕೊಂಡಿರಲಿಲ್ಲ.

"ಇದು ಯಾರದು ಅಜ್ಜ?"

ಮನೆಯವರೆಲ್ಲ ರಾಯರ ಮುಖ ನೋಡಿದರು. ತಾನು ಹೊಲಿದು ಕೆಡಿಸಿದ್ದು ಎಂದರೆ, ಹಾಗಾದರೆ ಸಣ್ಣದನ್ನು ಹೊಲಿದವರು ಯಾರು ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಮೂವತ್ತು ವರ್ಷ ಆಡಿಟ್ಟಿನವರಿಗೆ ಉತ್ತರ ಕೊಟ್ಟ ತಲೆ ಆ ಕ್ಷಣಕ್ಕೆ ಕೈಕೊಟ್ಟಿತು. ನಾಲಿಗೆ ಮಾತ್ರ ಎಂದಿನಂತೆ ಮುಂದೆ ಬಂತು.

"ಅದಾ? ಅದು... ನಂದು."

"ನಿಮ್ದಾ?" ವೇದಾವತಿಯ ಮುಖ ಅರಳಿತು.

"ಹೂಂ. ಮೊಮ್ಮಗನಿಗೆ ಜೋಡಿ ಇರಲಿ ಅಂತ..."

"ಅಯ್ಯೋ ನನ್ನ ಯಜಮಾನ್ರೇ! ನಾನು ಕರೆಯಲ್ಲ ಅಂದೆ, ಸರಿ. ನೀವಾಗಿ ನೀವೇ ಏಪ್ರನ್ ಹೊಲ್ಕೊಂಡು ಬರ್ತೀನಿ ಅಂದ್ರೆ ಬೇಡ ಅನ್ನೋಕೆ ನಾನ್ಯಾರು?" ಎನ್ನುತ್ತಲೇ ಆಕೆ ಅದನ್ನು ಗಂಡನ ಕತ್ತಿಗೆ ಹಾಕಿ, ಹಿಂದೆ ಹೋಗಿ ಪಟ್ಟಿ ಬಿಗಿದರು. ನಾಲ್ಕು ಜನರ ನಾಲ್ಕು ನಾಲ್ಕು ಬೆರಳು ಸೇರಿ ಅದು ರಾಯರ ಮೈಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ವಿಷ್ಣು ಕುಣಿದಾಡಿದ. "ಅಜ್ಜ ನನ್ನ ಜೋಡಿ! ಅಜ್ಜ ನನ್ನ ಜೋಡಿ! ಬಾ ಪೂರಿ ಲಟ್ಟಿಸೋಣ!" ಅಜ್ಜನ ಜೇಬಿಗೆ ಕೈ ಹಾಕಲು ನೋಡಿ, ಆಗದೆ, "ಇದಕ್ಕೆ ಬಾಯೇ ಇಲ್ವಲ್ಲ ಅಜ್ಜಿ" ಎಂದ.

"ಇದ್ದ ಬಾಯೆಲ್ಲ ಅಜ್ಜನಿಗೇ ಖರ್ಚಾಗಿದೆ ಪುಟ್ಟ" ಎಂದರು ವೇದಾವತಿ.

ಅಳಿಯ ಗೌರವದಿಂದ ಮಣೆ ಬಿಟ್ಟುಕೊಟ್ಟ. ರಾಯರ ಮೊದಲ ಪೂರಿ ತ್ರಿಕೋನವಾಯಿತು, ಎರಡನೆಯದಕ್ಕೆ ಬಾಲ ಬಂತು. ಮೊಮ್ಮಗ ಅವರ ತೊಡೆಗೆ ಒರಗಿ, "ಹಿಂಗಲ್ಲ ಅಜ್ಜ, ಮೆತ್ತಗೆ" ಎಂದು ಕೈ ಹಿಡಿದು ಕಲಿಸಿದ. ನಾಲ್ಕನೆಯದು ಎಣ್ಣೆಯಲ್ಲಿ ಉಬ್ಬಿ ಗುಂಡಗಾದಾಗ ಇಬ್ಬರೂ ಒಟ್ಟಿಗೆ ಕೂಗಿದರು. ಮೂಗಿನ ಮೇಲೆ ಹಿಟ್ಟು ಮೆತ್ತಿಕೊಂಡು ಕೂತಿದ್ದ ರಾಯರಿಗೆ, ಯಾರಿಗೂ ಹೇಳಲಾಗದಷ್ಟು ಸಂತೋಷವಾಗಿತ್ತು. ನಿವೃತ್ತರಾದ ಮೇಲೆ ಯಾರೂ ಅವರನ್ನು ಇಷ್ಟೊಂದು ಬೇಕು ಎಂದು ಎಳೆದಿರಲಿಲ್ಲ.

ಆರತಿ ಮುಗಿಸಿ ವಾಪಸ್ ಹೊರಟಾಗ ಬಸ್ಸು ಅರ್ಧ ಖಾಲಿಯಿತ್ತು. ವೇದಾವತಿ ತೊಡೆಯ ಮೇಲಿದ್ದ ದೊಡ್ಡ ಏಪ್ರನ್ನನ್ನು ಮಡಚುತ್ತ, ಕೆಳಗಿನ ಅಂಚನ್ನು ಒಳಮುಖ ಮಾಡಿ ಗಂಡನ ಮುಂದೆ ಹಿಡಿದರು. ಅಂಗೈಯಷ್ಟು ಬಿಳಿ ಬಟ್ಟೆ, ಅದಕ್ಕೆ ಹಸಿರು ಅಂಚು.

"ಇದನ್ನ ಹೊಲಿದವರು ನೀವು ಅಂತ ಪಂಚೆನೇ ಸಹಿ ಹಾಕಿದೆ. ಮಗೂದರ ಜೇಬಿಗೆ ತ್ರಿಕೋನ ಹಾಕಿದ್ದು ಯಾರು ಅಂತ ನಾನು ಕೇಳಲ್ಲ. ಇಪ್ಪತ್ತು ವರ್ಷದಿಂದ ಆ ಕೈ ನಂಗೆ ಗೊತ್ತು."

ರಾಯರು ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡತೊಡಗಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ನಾಳೆ ಎಷ್ಟು ಹೊತ್ತಿಗೆ ವಾಕಿಂಗ್ ಹೋಗ್ತೀಯ?"

"ಆರಕ್ಕೆ. ಬರೋ ಹೊತ್ತಿಗೆ ಉಪ್ಪಿಟ್ಟು ಆಗಿರಲಿ."

"ರವೆಗೆ ನೀರು ಎಷ್ಟು ಇಡಬೇಕು?"

"ಒಂದು ಲೋಟಕ್ಕೆ ಎರಡೂವರೆ" ಎಂದು ವೇದಾವತಿ ಏಪ್ರನ್ನನ್ನು ಅವರ ತೊಡೆಯ ಮೇಲೆ ಇಟ್ಟರು. "ಕಾಳಮ್ಮನ್ನ, ತ್ರಿವಿಕ್ರಮರನ್ನ ಮಾತ್ರ ಕೇಳೋಕೆ ಹೋಗಬೇಡಿ."